ಹೊಸ ದೇಶಕ್ಕೆ ಬಂದಿದ್ದೀವಿ, ಮನೆಮಂದಿಗೆಲ್ಲ ಸರಿಹೋಗುವ ಕಾರು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಸಾರ ಸಮೇತ ಬೇರೆ ದೇಶಕ್ಕೆ ಹೋದವರು ಮೊದಲು ಕೇಳುವುದು "ಯಾವ ಕಾರು ತಗೊಳ್ಳೋಣ?" ಅಂತ. ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ಲೈಸೆನ್ಸ್, ಆಮೇಲೆ ಇನ್ಶೂರೆನ್ಸ್, ಆಮೇಲೆ ಮಕ್ಕಳ ಸೀಟು, ಅದಾದ ಮೇಲೆ ಕಾರು. ದೇಶದಿಂದ ದೇಶಕ್ಕೆ ನಿಯಮ ಬದಲಾಗುತ್ತದೆ, ಈ ಕ್ರಮ ಮಾತ್ರ ಎಲ್ಲ ಕಡೆ ನಡೆಯುತ್ತದೆ.

ಬಂದ ತಕ್ಷಣ ಕಾರು ಕೊಳ್ಳಬೇಕಾ?

ತೀರಾ ಅನಿವಾರ್ಯ ಅಲ್ಲದಿದ್ದರೆ ಬೇಡ. ಮನೆ ಎಲ್ಲಿ ಸಿಗುತ್ತದೆ, ಮಕ್ಕಳ ಶಾಲೆ ಎಷ್ಟು ದೂರ, ಗಾಡಿ ನಿಲ್ಲಿಸಲು ಜಾಗ ಇದೆಯಾ ಅನ್ನೋದೆಲ್ಲ ಗೊತ್ತಾಗಲು ಒಂದಷ್ಟು ವಾರ ಬೇಕು. ಅಲ್ಲಿಯವರೆಗೆ ಬಸ್ಸು, ರೈಲು, ಬಾಡಿಗೆ ಕಾರಿನಲ್ಲಿ ಕಾಲ ಹಾಕಿ. ಬಾಡಿಗೆಗೆ ತರುವಾಗ ನಿಮ್ಮ ಮನಸ್ಸಿನಲ್ಲಿರುವ ಮಾಡೆಲನ್ನೇ ಕೇಳಿ. ಶೋರೂಮಿನವರು ಕೊಡುವ ಹದಿನೈದು ನಿಮಿಷದ ಟೆಸ್ಟ್ ಡ್ರೈವ್‌ಗಿಂತ ವಾರವಿಡೀ ಓಡಿಸಿದರೆ ಗೊತ್ತಾಗುವುದು ಜಾಸ್ತಿ.

ಕೆಲವು ಕಡೆ ಕಾರು ಕೊಳ್ಳುವುದೇ ದೊಡ್ಡ ತೀರ್ಮಾನ. ಜಪಾನಿನ ಬಹುಪಾಲು ಊರುಗಳಲ್ಲಿ ಪಾರ್ಕಿಂಗ್ ಜಾಗ ಇದೆ ಅಂತ ಸರ್ಟಿಫಿಕೇಟ್ ತೋರಿಸದೆ ಸಾಮಾನ್ಯ ಕಾರಿನ ನೋಂದಣಿ ಆಗುವುದಿಲ್ಲ. ಸಿಂಗಪುರದಲ್ಲಿ ಕಾರಿನ ಬೆಲೆಯ ಜೊತೆಗೆ ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕನ್ನೂ ಹರಾಜಿನಲ್ಲಿ ಕೊಳ್ಳಬೇಕು. ಇಂಥ ಜಾಗಗಳಲ್ಲಿ ರೈಲು, ಬಸ್ಸು ಚೆನ್ನಾಗಿವೆ. ಕಾರಿಲ್ಲದೆ ಇರುವುದೂ ಒಳ್ಳೆಯ ಆಯ್ಕೆಯೇ.

ನಮ್ಮ ಹಳೇ ಲೈಸೆನ್ಸ್ ಅಲ್ಲಿ ನಡೆಯುತ್ತಾ?

ಸ್ವಲ್ಪ ದಿನ ನಡೆಯುತ್ತದೆ. ಎಷ್ಟು ದಿನ ಅನ್ನೋದು ದೇಶದ ಮೇಲೆ. ಅಲ್ಲಿ ವಾಸಕ್ಕೆ ನಿಂತ ಮೇಲೆ ಜರ್ಮನಿಯಲ್ಲಿ ಯುರೋಪಿನ ಹೊರಗಿನ ಲೈಸೆನ್ಸಿಗೆ 6 ತಿಂಗಳು, ಬ್ರಿಟನ್ನಿನಲ್ಲಿ 12 ತಿಂಗಳು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇದ್ದರೆ ಸಾಕು ಅಂತ ಬಹಳ ಜನ ನಂಬಿರುತ್ತಾರೆ. ಅದು ನಿಮ್ಮ ಲೈಸೆನ್ಸಿನ ಅನುವಾದ, ಅಷ್ಟೇ. ಮೂಲ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ. 1949ರ ಜಿನೀವಾ ಒಪ್ಪಂದದ ಪರ್ಮಿಟ್ ಒಂದು ವರ್ಷ ನಡೆಯುತ್ತದೆ, 1968ರ ವಿಯೆನ್ನಾ ಒಪ್ಪಂದದ್ದು ಹೆಚ್ಚೆಂದರೆ ಮೂರು ವರ್ಷ. ಲೈಸೆನ್ಸ್ ಕೊಟ್ಟ ದೇಶದಲ್ಲೇ ಇದನ್ನು ಮಾಡಿಸಬೇಕು. ಹಾಗಾಗಿ ಹೊರಡುವ ಮೊದಲೇ ಈ ಕೆಲಸ ಮುಗಿಸಿ. ನೀವು ಅಲ್ಲಿ ವಾಸಕ್ಕೆ ನಿಂತ ಮೇಲೆ ಸಿಗುವ ಗಡುವನ್ನು ಈ ಪರ್ಮಿಟ್ ಮುಂದಕ್ಕೆ ಹಾಕುವುದಿಲ್ಲ ಅನ್ನೋದೂ ನೆನಪಿರಲಿ.

ಗಡುವು ಮೀರಿ ಓಡಿಸಿದರೆ ದಂಡದ ಜೊತೆಗೆ ಇನ್ಶೂರೆನ್ಸ್ ಕೂಡ ಕೈಕೊಡಬಹುದು. ಅಪಘಾತವಾದಾಗ "ಲೈಸೆನ್ಸೇ ಇರಲಿಲ್ಲ" ಅಂತ ಕಂಪನಿ ಹೇಳಿದರೆ ಇಡೀ ಸಂಸಾರ ಸಾಲಕ್ಕೆ ಬೀಳುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ.

ಗೇರ್ ಕಾರಾ, ಆಟೋಮ್ಯಾಟಿಕ್ಕಾ?

ರಸ್ತೆಯ ಬದಿ ಬದಲಾಗುವ ದೇಶಕ್ಕೆ ಹೋಗಿದ್ದರೆ ಆಟೋಮ್ಯಾಟಿಕ್. ಹೊಸ ಬದಿ, ಹೊಸ ಬೋರ್ಡು, ಹೊಸ ವೃತ್ತಗಳ ಮಧ್ಯೆ ಇನ್ನೊಂದು ಕೈಯಲ್ಲಿ ಗೇರ್ ಹಾಕುವ ತಲೆನೋವು ಬೇಡ. ಆದರೆ ಒಂದು ವಿಷಯ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಪಾಸಾದರೆ ಸಿಗುವ ಲೈಸೆನ್ಸಿನಲ್ಲಿ ಗೇರ್ ಕಾರು ಓಡಿಸುವಂತಿಲ್ಲ. ಗಂಡ, ಹೆಂಡತಿ ಇಬ್ಬರಲ್ಲಿ ಒಬ್ಬರದ್ದು ಅಂಥ ಲೈಸೆನ್ಸ್ ಆದರೆ ಮನೆಯ ಕಾರೂ ಆಟೋಮ್ಯಾಟಿಕ್ಕೇ ಆಗಬೇಕು.

ಬದಿ ಬದಲಾದರೆ ರೂಢಿಯಾಗುತ್ತಾ?

ಆಗುತ್ತದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಲ್ಲ ಕಡೆ ಒಂದೇ ಕ್ರಮದಲ್ಲಿವೆ. ಇಂಡಿಕೇಟರ್ ಮತ್ತು ವೈಪರ್ ಕಡ್ಡಿ ಮಾತ್ರ ಅದಲು ಬದಲಾಗಿರಬಹುದು. ನಾಲ್ಕು ಗಾಡಿಗಳ ಹಿಂದೆ ಹೋಗುವಾಗ ತಪ್ಪಾಗುವುದು ಕಡಿಮೆ. ಖಾಲಿ ರಸ್ತೆಗೆ ತಿರುಗಿಕೊಳ್ಳುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಮುಂಜಾನೆ ನಿದ್ದೆಗಣ್ಣಿನಲ್ಲಿ ಹೊರಟಾಗ ಹಳೇ ಅಭ್ಯಾಸ ಮರಳಿ ಬರುತ್ತದೆ. ಡ್ರೈವರ್ ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕದಲ್ಲಿರಬೇಕು ಅನ್ನೋದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಇನ್ಶೂರೆನ್ಸ್ ಇಷ್ಟೊಂದು ಯಾಕೆ? ನಾವು ಎಷ್ಟೋ ವರ್ಷದಿಂದ ಓಡಿಸುತ್ತಿದ್ದೀವಲ್ಲ!

ನಿಮ್ಮ ಅನುಭವ ಅವರ ಪುಸ್ತಕದಲ್ಲಿ ಇಲ್ಲ. ಬಹಳ ಕಂಪನಿಗಳ ಲೆಕ್ಕದಲ್ಲಿ ನೀವು ನಿನ್ನೆ ಲೈಸೆನ್ಸ್ ಪಡೆದವರ ಸಮ. ಕಷ್ಟವೆನಿಸುವುದು ನಿಜ, ಆದರೆ ಕಡಿಮೆ ಮಾಡಲು ದಾರಿಗಳಿವೆ.

ಹಳೇ ಇನ್ಶೂರೆನ್ಸ್ ಕಂಪನಿಯಿಂದ ಇಷ್ಟು ವರ್ಷ ಕ್ಲೇಮ್ ಇಲ್ಲ ಅಂತ ಪತ್ರ ತನ್ನಿ. ಲೆಟರ್‌ಹೆಡ್ ಇರಲಿ, ಪಾಲಿಸಿ ನಂಬರ್ ಇರಲಿ, ಬೇರೆ ಭಾಷೆಯಲ್ಲಿದ್ದರೆ ಅಧಿಕೃತ ಅನುವಾದ ಇರಲಿ. ಎಲ್ಲರೂ ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ. ಅಂಥವರನ್ನು ಹುಡುಕಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪ್ರೀಮಿಯಂ ಲೆಕ್ಕಕ್ಕೆ ನಿಮ್ಮ ಸಾಲದ ಇತಿಹಾಸವನ್ನೂ ನೋಡುತ್ತಾರೆ. ಹೊಸಬರಿಗೆ ಅದೇ ಇರುವುದಿಲ್ಲ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಹವಾಯಿಯಲ್ಲಿ ಆ ಪದ್ಧತಿ ಇಲ್ಲ. ಬೇರೆ ಕಡೆ ಒಂದು ವರ್ಷ ಬಿಲ್ಲುಗಳನ್ನು ಸರಿಯಾಗಿ ಕಟ್ಟಿ, ಮತ್ತೆ ಕೊಟೇಶನ್ ಕೇಳಿದರೆ ವ್ಯತ್ಯಾಸ ಕಾಣಬಹುದು.

ಎಲ್ಲಕ್ಕಿಂತ ಮುಖ್ಯ, ಕಾರಿಗೆ ಮುಂಗಡ ಕೊಡುವ ಮೊದಲೇ ಆ ಮಾಡೆಲಿಗೆ ಕೊಟೇಶನ್ ತೆಗೆಸಿ. ಹೆಚ್ಚು ಕಳ್ಳತನವಾಗುವ ಅಥವಾ ಬಿಡಿಭಾಗ ದುಬಾರಿಯಾದ ಕಾರಿಗೆ ಪ್ರೀಮಿಯಂ ಜಾಸ್ತಿ. ಒಂದೇ ಬೆಲೆಯ ಎರಡು ಕಾರುಗಳಲ್ಲಿ ಯಾವುದು ನಿಮ್ಮದು ಅನ್ನೋದನ್ನು ಈ ಕೊಟೇಶನ್ನೇ ತೀರ್ಮಾನಿಸಬಹುದು. ಓಡಿಸುವ ಎಲ್ಲರ ಹೆಸರನ್ನೂ ಹಾಕಿಸಿ. ಪ್ರೀಮಿಯಂ ಉಳಿಸಲು ಓಡಿಸದವರನ್ನು ಮುಖ್ಯ ಡ್ರೈವರ್ ಅಂತ ತೋರಿಸಿದರೆ ಅದು ವಂಚನೆ, ಕ್ಲೇಮ್ ಬಿದ್ದುಹೋಗುತ್ತದೆ.

ನ್ಯೂಜಿಲೆಂಡಿನಲ್ಲಿ ಇನ್ಶೂರೆನ್ಸ್ ಕಡ್ಡಾಯವಲ್ಲ. ಅಪಘಾತದ ಗಾಯಗಳ ಖರ್ಚನ್ನು ಸರ್ಕಾರಿ ಯೋಜನೆ ನೋಡಿಕೊಳ್ಳುತ್ತದೆ. ಹಾಗಿದ್ದರೂ ಬೇರೆಯವರ ಕಾರಿಗೆ ಆದ ನಷ್ಟ ನಿಮ್ಮ ತಲೆಗೇ ಬರುತ್ತದೆ, ಅದಕ್ಕಾದರೂ ಮಾಡಿಸಿ.

ಮಗುವಿನ ಕಾರ್ ಸೀಟ್ ನಮ್ಮ ಹತ್ತಿರ ಇದೆ. ಅದನ್ನೇ ತಗೊಂಡು ಹೋಗಬಹುದಾ?

ಇಡೀ ಪುಟದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಉತ್ತರ ಹೆಚ್ಚಿನ ಸಲ "ಇಲ್ಲ". ಸೀಟು ಎಷ್ಟೇ ಒಳ್ಳೆಯದಿರಲಿ, ಆ ದೇಶದ ಮಾನದಂಡದ ಲೇಬಲ್ ಇಲ್ಲದಿದ್ದರೆ ಕಾನೂನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 213, ಯುರೋಪಿನಲ್ಲಿ ಆರ್44 ಅಥವಾ ಹೊಸ ಆರ್129, ಆಸ್ಟ್ರೇಲಿಯಾದಲ್ಲಿ ಎಎಸ್/ಎನ್‌ಜೆಡ್‌ಎಸ್ 1754. ಅಮೆರಿಕದ ಸೀಟು ಯುರೋಪಿನಲ್ಲಿ ನಡೆಯುವುದಿಲ್ಲ, ಯುರೋಪಿನದ್ದು ಅಮೆರಿಕದಲ್ಲಿ ನಡೆಯುವುದಿಲ್ಲ.

ವಯಸ್ಸಿನ ನಿಯಮವೂ ಬೇರೆ ಬೇರೆ. ಬ್ರಿಟನ್ನಿನಲ್ಲಿ ಮಗುವಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಇದರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಸೀಟು ಬೇಕು. ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್. ಅಂದರೆ ಎಂಟೊಂಬತ್ತು ವರ್ಷದ ಮಗುವಿಗೂ ಬೂಸ್ಟರ್ (ಎತ್ತರಿಸಿ ಕೂರಿಸುವ ಸೀಟು) ಬೇಕಾಗುತ್ತದೆ. ಆರ್129 ಸೀಟಿನಲ್ಲಿ ಕನಿಷ್ಠ 15 ತಿಂಗಳವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಅದಕ್ಕೂ ಮೀರಿ ಎಷ್ಟು ದಿನ ಹಾಗೆ ಕೂರಿಸಲು ಆಗುತ್ತದೋ ಅಷ್ಟೂ ಒಳ್ಳೆಯದು. ಪುಟ್ಟ ಮಗುವಿನ ತಲೆ ಭಾರ, ಕುತ್ತಿಗೆ ಎಳೆಯದು. ಎದುರಿನಿಂದ ಗುದ್ದಿದಾಗ ಸೀಟಿನ ಬೆನ್ನು ಆ ಹೊಡೆತವನ್ನು ತಡೆದುಕೊಳ್ಳುತ್ತದೆ.

ಹಾಗಾಗಿ ಮೊದಲು ಸೀಟು ಆರಿಸಿ, ಆಮೇಲೆ ಅದನ್ನು ಹೊತ್ತುಕೊಂಡೇ ಕಾರು ನೋಡಲು ಹೋಗಿ. ಶೋರೂಮಿನಲ್ಲೇ ಕೂರಿಸಿ ನೋಡಿ. ಹಿಂದಕ್ಕೆ ಮುಖ ಮಾಡಿದ ಸೀಟು ಹಾಕಿದಾಗ ಮುಂದಿನ ಸೀಟನ್ನು ಎಷ್ಟು ಮುಂದೆ ತಳ್ಳಬೇಕಾಗುತ್ತದೆ? ಅಲ್ಲಿ ಎತ್ತರದವರು ಮೊಣಕಾಲು ಇಟ್ಟುಕೊಂಡು ಕೂರಬಹುದಾ? ಮಕ್ಕಳ ಸೀಟನ್ನು ಕಾರಿಗೆ ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಕೈಗೆ ಸಿಗುತ್ತವಾ, ಗಾದಿಯೊಳಗೆ ಹೂತುಹೋಗಿವೆಯಾ? ಕೆಳಗೆ ಕಾಲು ಇರುವ ಸೀಟಾದರೆ ನೆಲದಲ್ಲಿ ಮುಚ್ಚಳದ ಪೆಟ್ಟಿಗೆ ಇರಬಾರದು, ಅದು ಭಾರ ತಡೆಯುವುದಿಲ್ಲ. ಮುಂದಿನ ಸೀಟಿನಲ್ಲಿ ಹಿಂಮುಖ ಸೀಟು ಹಾಕುವುದಾದರೆ ಆ ಬದಿಯ ಏರ್‌ಬ್ಯಾಗ್ ಆಫ್ ಆಗಿರಲೇಬೇಕು. ಇಲ್ಲದಿದ್ದರೆ ಏರ್‌ಬ್ಯಾಗೇ ಮಗುವಿನ ಜೀವಕ್ಕೆ ಕುತ್ತು.

ಸೆಕೆಂಡ್ ಹ್ಯಾಂಡ್ ಮಕ್ಕಳ ಸೀಟು ಬೇಡ, ಅದು ಯಾವ ಅಪಘಾತ ನೋಡಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ದುಡ್ಡು ಉಳಿಸಬೇಕಾದರೆ ಕಾರಿನಲ್ಲಿ ಉಳಿಸಿ, ಸೀಟಿನಲ್ಲಿ ಬೇಡ.

ಮೂರು ಮಕ್ಕಳು. ಏಳು ಸೀಟಿನ ಕಾರೇ ಬೇಕಾ?

ಟೇಪು ಹಿಡಿದು ಅಳೆಯಿರಿ. ಅಗಲದ ಮಕ್ಕಳ ಸೀಟು ಒಂದಕ್ಕೆ ಸುಮಾರು 44 ಸೆಂಟಿಮೀಟರ್ ಬೇಕು. ಮೂರು ಪಕ್ಕಪಕ್ಕ ಅಂದರೆ 132. ಐದು ಸೀಟಿನ ಬಹಳ ಕಾರುಗಳ ಹಿಂದೆ ಅಷ್ಟು ಜಾಗ ಇರುವುದಿಲ್ಲ, ನಡುವಿನ ಸೀಟಿಗೆ ಐಸೋಫಿಕ್ಸ್ ಕೊಂಡಿ ಸಿಗುವುದೂ ಅಪರೂಪ. ಕಡಿಮೆ ಅಗಲದ ಸೀಟುಗಳು ಸಿಕ್ಕರೆ ಐದು ಸೀಟಿನ ಕಾರಿನಲ್ಲೇ ಆಗಬಹುದು.

ಏಳು ಸೀಟು ಕೊಳ್ಳುವುದಾದರೆ ಮೂರನೇ ಸಾಲು ಎತ್ತಿಟ್ಟು ಡಿಕ್ಕಿ ನೋಡಿ. ಎಷ್ಟೋ ಎಸ್‌ಯುವಿಗಳಲ್ಲಿ ಆಗ ಎರಡು ಚೀಲ ಇಡಲೂ ಜಾಗ ಉಳಿಯುವುದಿಲ್ಲ. ಚಿಕ್ಕ ಮಕ್ಕಳ ಸಂಸಾರಕ್ಕೆ ನನ್ನ ಮತ ಜಾರುಬಾಗಿಲಿನ ವ್ಯಾನಿಗೆ. ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಮಗು ಬಾಗಿಲು ತೆಗೆದು ಪಕ್ಕದ ಕಾರಿಗೆ ಬಡಿಯುವ ಭಯ ಇಲ್ಲ, ಬಗ್ಗಿ ಬೆಲ್ಟ್ ಹಾಕುವುದೂ ಸುಲಭ. ನೋಟಕ್ಕೆ ಎಸ್‌ಯುವಿ ಚೆನ್ನಾಗಿರಬಹುದು, ದಿನನಿತ್ಯದ ಕೆಲಸಕ್ಕೆ ವ್ಯಾನ್ ಮೇಲು.

ಸುರಕ್ಷತೆಗೆ ಐದು ಸ್ಟಾರ್ ಇದ್ದರೆ ಸಾಕಲ್ವಾ?

ಯಾವ ವರ್ಷದ, ಯಾವ ಸಂಸ್ಥೆಯ ಐದು ಸ್ಟಾರ್ ಅಂತ ಕೇಳಿ. ಯೂರೋ ಎನ್‌ಕ್ಯಾಪ್ 1997ರಿಂದ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡುತ್ತಿದೆ, ಪರೀಕ್ಷೆ ಕಾಲಕಾಲಕ್ಕೆ ಕಠಿಣವಾಗುತ್ತಾ ಬಂದಿದೆ. ಹದಿನೈದು ವರ್ಷ ಹಿಂದಿನ ಐದು ಸ್ಟಾರನ್ನು ಇವತ್ತಿನದ್ದರ ಜೊತೆ ಹೋಲಿಸುವಂತಿಲ್ಲ. ಒಂದೇ ಹೆಸರಿನ ಕಾರು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಏರ್‌ಬ್ಯಾಗ್, ಬೇರೆ ಬೇರೆ ಬಲದ ಬಾಡಿಯೊಂದಿಗೆ ಬರಬಹುದು. ನೀವು ಕೊಳ್ಳುವ ದೇಶದ ಪರೀಕ್ಷೆಯ ಫಲಿತಾಂಶವನ್ನೇ ನೋಡಿ. ಯೂರೋ ಎನ್‌ಕ್ಯಾಪ್ ವರದಿಯಲ್ಲಿ ಮಕ್ಕಳ ಸುರಕ್ಷತೆಯ ಫಲಿತಾಂಶವೂ ಇರುತ್ತದೆ, ಯಾವ ಜಾಗದಲ್ಲಿ ಯಾವ ಸೀಟು ಸರಿಯಾಗಿ ಕೂರುತ್ತದೆ ಅನ್ನುವ ಪಟ್ಟಿಯೂ ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ.

ಹಳೇ ಕಾರು ಕೊಳ್ಳುವಾಗ ಸ್ಟೆಬಿಲಿಟಿ ಕಂಟ್ರೋಲ್ ಇರಲೇಬೇಕು. ಕಾರು ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರಕ್ಕೆ ತರುವುದು ಅದೇ. ಅಮೆರಿಕದಲ್ಲಿ 2012ರ ಮಾಡೆಲಿನಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ.

ಹಳೇ ಕಾರು ಕೊಳ್ಳುವಾಗ ಮೋಸ ಹೋಗದೆ ಇರುವುದು ಹೇಗೆ?

ಹೊಸಬರು ಮೋಸ ಹೋಗುವುದು ಇಂಜಿನ್ ಗೊತ್ತಿಲ್ಲದೆ ಅಲ್ಲ. ಯಾವ ದಾಖಲೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲದೆ.

ಬಹುಪಾಲು ಕಾರುಗಳಿಗೆ 17 ಅಕ್ಷರ, ಅಂಕಿಗಳ ವಿಐಎನ್, ಅಂದರೆ ಆ ಕಾರಿಗಷ್ಟೇ ಸೇರಿದ ಗುರುತಿನ ಸಂಖ್ಯೆ ಇರುತ್ತದೆ. ಕಾರಿನ ಮೇಲಿರುವುದು, ಬಾಗಿಲ ಪಕ್ಕದ ಸ್ಟಿಕ್ಕರಿನದ್ದು, ಕಾಗದದಲ್ಲಿರುವುದು ಎಲ್ಲ ಒಂದೇ ಆಗಿರಬೇಕು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಅವು ಕಂಡರೆ ಏನೋ ಎಡವಟ್ಟಿದೆ.

ಆ ಸಂಖ್ಯೆ ಅಥವಾ ನಂಬರ್ ಪ್ಲೇಟ್ ಇಟ್ಟುಕೊಂಡು ಇತಿಹಾಸ ನೋಡಿ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ, ಅಂದರೆ ರಸ್ತೆಗೆ ಯೋಗ್ಯವಾ ಅನ್ನುವ ತಪಾಸಣೆ. ಯಾವ ವರ್ಷ ಏನು ಕೆಟ್ಟಿತ್ತು, ಎಷ್ಟು ಮೈಲಿ ಓಡಿತ್ತು ಅನ್ನೋದು ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ವಿಐಎನ್ ಹಾಕಿದರೆ ಬಾಕಿ ಇರುವ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕಾರನ್ನು ವಾಪಸ್ ಕರೆಯುವುದು) ಗೊತ್ತಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಪಿಪಿಎಸ್‌ಆರ್ ನೋಂದಣಿಯಲ್ಲಿ ಕಾರಿನ ಮೇಲೆ ಸಾಲ ಇದೆಯಾ ಅಂತ ತಿಳಿಯಬಹುದು. ಇದನ್ನು ಬಿಡಲೇಬೇಡಿ. ಹಿಂದಿನವರ ಸಾಲ ತೀರದಿದ್ದರೆ ನೀವು ದುಡ್ಡು ಕೊಟ್ಟ ಕಾರನ್ನು ಸಾಲ ಕೊಟ್ಟವರು ಬಂದು ಒಯ್ಯಬಹುದು.

ಜರ್ಮನಿಯಲ್ಲಿ ಮೊದಲ ತಪಾಸಣೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಜಪಾನಿನಲ್ಲೂ ಹಾಗೇ. ಮುಂದಿನ ತಪಾಸಣೆ ಹತ್ತಿರ ಬಂದಾಗ ಕಾರು ಮಾರುವವರು ಜಾಸ್ತಿ, ಅದಕ್ಕೆ ಎಷ್ಟು ಕಾಲ ಬಾಕಿ ಇದೆ ಅಂತ ಕೇಳಿ.

ಆಮೇಲೆ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. ಹಿಮಕ್ಕೆ ಉಪ್ಪು ಹಾಕುವ ಊರಿನಲ್ಲಿ ಕಾರಿನ ತಳ ಕಡ್ಡಾಯವಾಗಿ ನೋಡಬೇಕು, ಮೇಲೆ ಫಳಫಳ ಹೊಳೆಯುತ್ತಾ ಕೆಳಗೆ ತುಕ್ಕು ತಿಂದಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು.

ಮೈಲೇಜ್ ಲೆಕ್ಕವೇ ಅರ್ಥವಾಗುತ್ತಿಲ್ಲ!

ಲೀಟರಿಗೆ 15 ಕಿಲೋಮೀಟರ್ ಓಡುವ ಕಾರನ್ನು ತೆಗೆದುಕೊಳ್ಳಿ. ಯುರೋಪಿನ ಲೆಕ್ಕದಲ್ಲಿ ಅದು 100 ಕಿಲೋಮೀಟರಿಗೆ 6.7 ಲೀಟರ್. ಅಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಅಮೆರಿಕದಲ್ಲಿ ಅದೇ ಕಾರು ಗ್ಯಾಲನ್ನಿಗೆ ಸುಮಾರು 35 ಮೈಲಿ, ಬ್ರಿಟನ್ನಿನಲ್ಲಿ ಸುಮಾರು 42. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದ್ದು 4.546 ಲೀಟರ್, ಅದಕ್ಕೇ ಈ ವ್ಯತ್ಯಾಸ. ಎರಡು ದೇಶದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಪೆಟ್ರೋಲ್, ಡೀಸೆಲ್, ಹೈಬ್ರಿಡ್, ಎಲೆಕ್ಟ್ರಿಕ್: ಯಾವುದು?

ಶಾಲೆ, ಅಂಗಡಿ, ಆಫೀಸು ಅಂತ ಚಿಕ್ಕ ಓಡಾಟವೇ ಜಾಸ್ತಿಯಾದರೆ ಡೀಸೆಲ್ ಬೇಡ. ಅದರ ಹೊಗೆ ಸೋಸುವ ಫಿಲ್ಟರ್ ಚೊಕ್ಕಟವಾಗಲು ಇಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು. ಐದು ನಿಮಿಷದ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ನಗರದೊಳಗೆ ಹಳೇ ಡೀಸೆಲ್‌ಗೆ ಶುಲ್ಕವೂ ಬೀಳಬಹುದು. ಲಂಡನ್ನಿನ ಕಡಿಮೆ ಹೊಗೆಯ ವಲಯ 2023ರ ಆಗಸ್ಟಿನಲ್ಲಿ ಇಡೀ ನಗರಕ್ಕೆ ಹಬ್ಬಿತು. ಅಲ್ಲಿ ಶುಲ್ಕ ತಪ್ಪಬೇಕಾದರೆ ಯುರೋಪಿನ ಹೊಗೆ ಮಾನದಂಡದಲ್ಲಿ ಪೆಟ್ರೋಲ್ ಕಾರು ಯೂರೋ 4, ಡೀಸೆಲ್ ಕಾರು ಯೂರೋ 6 ಮಟ್ಟ ಮುಟ್ಟಿರಬೇಕು.

ಎಲೆಕ್ಟ್ರಿಕ್ ಒಳ್ಳೆಯದೇ, ಮನೆಯಲ್ಲಿ ಚಾರ್ಜ್ ಮಾಡಲು ಆಗುವುದಾದರೆ. ಬಾಡಿಗೆ ಮನೆಯಲ್ಲಿ ಮಾಲೀಕರ ಒಪ್ಪಿಗೆ ಮೊದಲೇ ಕೇಳಿ. ಚಳಿಯಲ್ಲಿ ಒಂದು ಚಾರ್ಜಿಗೆ ಓಡುವ ದೂರ ಕಡಿಮೆಯಾಗುತ್ತದೆ. ಬೇರೆ ದೇಶದಿಂದ ಆಮದಾದ ಎಲೆಕ್ಟ್ರಿಕ್ ಕಾರಿನ ಪ್ಲಗ್ ಅಲ್ಲಿನ ಚಾರ್ಜರಿಗೆ ಹೊಂದದೆ ಇರಬಹುದು. ಇನ್ನೂ ಮನೆ ಗಟ್ಟಿಯಾಗದವರಿಗೆ ಹೈಬ್ರಿಡ್ ನೆಮ್ಮದಿ.

ಬಂಕಿನಲ್ಲಿ ಬಣ್ಣ ನಂಬಬೇಡಿ. ಯುರೋಪಿನ ಬಹಳ ಕಡೆ ಹಸಿರು ಹಿಡಿ ಪೆಟ್ರೋಲಿಗೆ, ಅಮೆರಿಕದಲ್ಲಿ ಸಾಮಾನ್ಯವಾಗಿ ಹಸಿರು ಡೀಸೆಲ್‌ಗೆ. ತಪ್ಪು ಇಂಧನ ಹಾಕಿದ್ದು ಗೊತ್ತಾದರೆ ಕೀಲಿ ತಿರುಗಿಸಲೇಬೇಡಿ, ಸಹಾಯಕ್ಕೆ ಫೋನ್ ಮಾಡಿ.

ಹಿಮ ಬೀಳುವ ಊರು. ಫೋರ್ ವೀಲ್ ಡ್ರೈವ್ ಬೇಕಾ?

ಅದಕ್ಕಿಂತ ಮೊದಲು ಚಳಿಗಾಲದ ಟೈರ್ ಬೇಕು. ನಾಲ್ಕು ಚಕ್ರಕ್ಕೂ ಶಕ್ತಿ ಹೋದರೆ ಹೊರಡಲು ಸಹಾಯ, ನಿಲ್ಲಿಸಲು ಅಲ್ಲ. ನಿಲ್ಲಿಸುವುದು ಟೈರು. ಸಾಮಾನ್ಯ ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಟೈರ್ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ಎರಡನೇ ಜೊತೆ ಟೈರಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಚಳಿಯಲ್ಲಿ ಇನ್ನೊಂದು: ದಪ್ಪ ಜಾಕೆಟ್ ಹಾಕಿ ಮಗುವನ್ನು ಕಾರ್ ಸೀಟಿನಲ್ಲಿ ಕಟ್ಟಬೇಡಿ. ಗುದ್ದಿದಾಗ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಮೇಲೆ ಹೊದಿಕೆ ಹೊದಿಸಿ.

ನಮ್ಮ ಹಳೇ ಕಾರನ್ನೇ ಹಡಗಿನಲ್ಲಿ ತರಿಸಿದರೆ?

ಹೆಚ್ಚಿನವರಿಗೆ ಲಾಭವಿಲ್ಲ. ಸಾಗಣೆ, ಸುಂಕ, ಅಲ್ಲಿನ ನಿಯಮಕ್ಕೆ ತಕ್ಕ ಬದಲಾವಣೆ, ಬಿಡಿಭಾಗದ ಪರದಾಟ. ಅಮೆರಿಕದ ಮಾನದಂಡಕ್ಕೆ ತಯಾರಾಗದ ಕಾರನ್ನು ಅಲ್ಲಿ ಸುಲಭವಾಗಿ ಒಳಗೆ ಬಿಡುವುದು 25 ವರ್ಷ ಹಳೆಯದಾದ ಮೇಲೆ, ಕೆನಡಾದಲ್ಲಿ 15 ವರ್ಷ. ವಾಸ ಬದಲಿಸುವವರಿಗೆ ಕೆಲವು ದೇಶಗಳು ಸುಂಕ ಬಿಡುತ್ತವೆ, ಅದಕ್ಕೂ ಕಾರು ಕನಿಷ್ಠ ಆರು ತಿಂಗಳಿಂದ ನಿಮ್ಮದಾಗಿರಬೇಕು ಅನ್ನುವಂಥ ಷರತ್ತುಗಳಿರುತ್ತವೆ.

ಸಾಲವಾ, ಲೀಸಾ, ಪೂರ್ತಿ ದುಡ್ಡಾ?

ವೀಸಾ ಎಷ್ಟು ವರ್ಷ ಇದೆ ಅನ್ನೋದು ಇಲ್ಲಿ ನಿರ್ಣಾಯಕ. ಬಹಳ ಬ್ಯಾಂಕುಗಳು ವೀಸಾ ಮುಗಿಯುವ ದಿನದಾಚೆಗೆ ಸಾಲ ಕೊಡುವುದಿಲ್ಲ. ಲೀಸ್‌ನಲ್ಲಿ ವರ್ಷಕ್ಕೆ ಇಷ್ಟೇ ಓಡಿಸಬೇಕು ಅನ್ನುವ ಮಿತಿ ಇರುತ್ತದೆ, ನಡುವೆ ಬಿಟ್ಟರೆ ದಂಡ. ಕೆಲಸ ಹೋಗಿ ದೇಶ ಬಿಡಬೇಕಾಗಿ ಬಂದರೆ ಏನು ಅಂತ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಎರಡು ಮೂರು ವರ್ಷವಷ್ಟೇ ಇರುವವರಾದರೆ ಒಳ್ಳೆಯ ಸ್ಥಿತಿಯ ಹಳೇ ಕಾರನ್ನು ಪೂರ್ತಿ ದುಡ್ಡು ಕೊಟ್ಟು ಕೊಳ್ಳುವುದೇ ಸರಿ ಅನ್ನಿಸುತ್ತದೆ. ಹೊಸ ಕಾರಿನ ಬೆಲೆ ಅತಿ ವೇಗವಾಗಿ ಇಳಿಯುವುದು ಮೊದಲ ವರ್ಷಗಳಲ್ಲೇ.

ಕೊನೆಗೆ, ಯಾವ ಕಂಪನಿಯ ಕಾರು?

ಆ ಊರಿನ ಶಾಲೆಯ ಮುಂದೆ, ಅಂಗಡಿಯ ಪಾರ್ಕಿಂಗ್‌ನಲ್ಲಿ ಒಂದು ಸಂಜೆ ನಿಂತು ನೋಡಿ. ಐದಾರು ವರ್ಷ ಹಳೆಯದಾಗಿಯೂ ಜಾಸ್ತಿ ಓಡಾಡುವ ಕಾರು ಯಾವುದು? ಅದರ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಅದು ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ, ಹೊರಡುವಾಗ ಕೊಳ್ಳುವವರೂ ಸಿಗುತ್ತಾರೆ. ಹಿಂದಿನ ದೇಶದಲ್ಲಿ ಹೆಸರು ಮಾಡಿದ ಕಂಪನಿಗೆ ಇಲ್ಲಿ ಸರ್ವೀಸ್ ಸೆಂಟರ್ ಇಲ್ಲದಿರಬಹುದು.

ಕಾರು ಕೈಗೆ ಬರುವ ದಿನ ಏನೇನು ನೋಡಬೇಕು?

ಮಾರುವವರ ಗುರುತಿನ ಚೀಟಿ ಮತ್ತು ಕಾಗದದ ಹೆಸರು ಒಂದೇ ಇರಬೇಕು. ಬ್ರಿಟನ್ನಿನ ವಿ5ಸಿ ಅನ್ನುವ ನೋಂದಣಿ ಕಾಗದ ಮಾಲೀಕತ್ವಕ್ಕೆ ಸಾಕ್ಷಿಯಲ್ಲ, ಹಾಗಾಗಿ ಖರೀದಿ ರಸೀದಿ ಬೇರೆಯೇ ಬರೆಸಿಕೊಳ್ಳಿ. 2014ರ ಅಕ್ಟೋಬರಿನಿಂದ ಅಲ್ಲಿ ಹಿಂದಿನವರು ಕಟ್ಟಿದ ರಸ್ತೆ ತೆರಿಗೆ ನಿಮಗೆ ಬರುವುದಿಲ್ಲ, ಓಡಿಸುವ ಮೊದಲು ನೀವೇ ಕಟ್ಟಬೇಕು. ಜರ್ಮನಿಯಲ್ಲಿ ನೋಂದಣಿಗೆ ಹೋಗುವ ಮೊದಲೇ ಇನ್ಶೂರೆನ್ಸ್ ಕಂಪನಿಯಿಂದ ಇವಿಬಿ ಸಂಖ್ಯೆ, ಅಂದರೆ ಇನ್ಶೂರೆನ್ಸ್ ಇದೆ ಅನ್ನುವ ದೃಢೀಕರಣದ ಸಂಖ್ಯೆ ಪಡೆದಿರಬೇಕು. ಇನ್ಶೂರೆನ್ಸ್ ಶುರುವಾಗುವ ದಿನ, ಗಂಟೆ ನೋಡಿಕೊಂಡೇ ಕೀಲಿ ಕೈಗೆ ತೆಗೆದುಕೊಳ್ಳಿ.

ಎರಡನೇ ಕಾರು ಬೇಕಾಗುತ್ತಾ?

ಒಂದು ಚಳಿಗಾಲ, ಒಂದು ಶಾಲಾ ವರ್ಷ ಕಳೆಯಲಿ. ಅಷ್ಟರಲ್ಲಿ ಇಬ್ಬರ ಲೈಸೆನ್ಸೂ ಬಂದಿರುತ್ತದೆ, ಇನ್ಶೂರೆನ್ಸ್ ಇಳಿದಿರುತ್ತದೆ, ಬಸ್ಸಿನ ದಾರಿಗಳೂ ಗೊತ್ತಾಗಿರುತ್ತವೆ. ಆಗ ಲೆಕ್ಕ ಹಾಕಿ.